ರಾಣಿಪುರ, ಪೊಸಡಿ ಗುಂಪೆ ಎರಡೂ ಒಂದೇ ದಿನದಲ್ಲಿ ಆಗುತ್ತಾ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹೋಗುವವರು ನಾನು, ಹೆಂಡತಿ, 11 ವರ್ಷದ ಮಗ ಮತ್ತು 63 ವರ್ಷದ ಅಪ್ಪ. ನಮ್ಮ ಕಡೆಯವರೆಲ್ಲ ಬೆಟ್ಟ ಹತ್ತಬೇಕೆಂದರೆ ಕುಮಾರಪರ್ವತ, ಕೊಡಚಾದ್ರಿ ಅಂತ ಓಡುತ್ತಾರೆ. ನಮ್ಮದೇ ಜಿಲ್ಲೆಯ ರಾಣಿಪುರ ಮತ್ತು ಪೊಸಡಿ ಗುಂಪೆಯನ್ನು ನಾವು ಇನ್ನೂ ನೋಡಿಲ್ಲ. ಎರಡನ್ನೂ ಒಂದೇ ದಿನ ಹತ್ತಿ ಇಳಿಯಬಹುದಾ? ಓಣಂ ರಜೆ ಒಳ್ಳೆಯದಾ, ಕ್ರಿಸ್ಮಸ್ ರಜೆಯಾ? ಯಾವುದು ಮೊದಲು? ಅಪ್ಪನಿಗೆ ಮೊಣಕಾಲು ಸ್ವಲ್ಪ ನೋವಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೊತ್ತು ಉಳಿದರೆ ಅನಂತಪುರ ದೇವಸ್ಥಾನ, ಬೇಕಲ ಕೋಟೆಯನ್ನೂ ಸೇರಿಸಿಕೊಳ್ಳಬೇಕೆಂದಿದ್ದೇವೆ.

ಉತ್ತರ: ಆಗುತ್ತದೆ. ಕ್ರಿಸ್ಮಸ್ ರಜೆಯಲ್ಲಿ ಹೋಗಿ, ಬೆಳಗ್ಗೆ ರಾಣಿಪುರ, ಸಂಜೆ ಪೊಸಡಿ ಗುಂಪೆ. ಅನಂತಪುರ, ಬೇಕಲ ಎರಡನ್ನೂ ಆ ದಿನದ ಮಟ್ಟಿಗೆ ಮರೆತುಬಿಡಿ.

ಇಷ್ಟೇ ಸಾಕಾದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಅಪ್ಪನನ್ನೂ ಮಗನನ್ನೂ ಕರೆದುಕೊಂಡು ಹೊರಟಿದ್ದೀರಿ, ಹಾಗಾಗಿ ಯಾಕೆ ಎನ್ನುವುದನ್ನೂ ಹೇಳುತ್ತೇನೆ. ನಿಮ್ಮ ಪ್ರಶ್ನೆ ಓದಿದರೆ ನಿಮಗೆ ಹತ್ತುವುದರ ಚಿಂತೆ ಇದ್ದ ಹಾಗಿದೆ. ಈ ಎರಡು ಬೆಟ್ಟಗಳಲ್ಲಿ ಹತ್ತುವುದು ದೊಡ್ಡ ವಿಷಯವೇ ಅಲ್ಲ. ದಿನವನ್ನು ತಿನ್ನುವುದು ನಡುವಿನ ರಸ್ತೆ.

ಮೊದಲು ಎತ್ತರದ ಲೆಕ್ಕ. ರಾಣಿಪುರದ ತುದಿ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ಪೊಸಡಿ ಗುಂಪೆ ಸಾವಿರ ಅಡಿ ದಾಟುತ್ತದೆ. ಒಂದು ಮೀಟರಿನ ಲೆಕ್ಕ, ಇನ್ನೊಂದು ಅಡಿಯ ಲೆಕ್ಕ, ಗೊಂದಲ ಮಾಡಿಕೊಳ್ಳಬೇಡಿ. 1712 ಮೀಟರಿನ ಕುಮಾರಪರ್ವತದ ಮುಂದೆ ಎರಡೂ ಚಿಕ್ಕವೇ. ಅದೂ ಅಲ್ಲದೆ ರಾಣಿಪುರದಲ್ಲಿ ವಾಹನವೇ ನಿಮ್ಮನ್ನು ಸುಮಾರು 750 ಮೀಟರ್ ಎತ್ತರಕ್ಕೆ ಮುಟ್ಟಿಸುತ್ತದೆ. ನೀವು ಕಾಲಲ್ಲಿ ಹತ್ತುವುದು ಎರಡೂವರೆ ಕಿಲೋಮೀಟರಿನಷ್ಟು ದಾರಿ, ಏರು ಹೆಚ್ಚೆಂದರೆ 300 ಮೀಟರ್.

ಇದಕ್ಕೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡಲು ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎನ್ನುವವರು 1892ರಲ್ಲಿ ಹೇಳಿದ್ದು, ಚಾರಣಿಗರು ಈಗಲೂ ಬಳಸುತ್ತಾರೆ. ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ರಾಣಿಪುರಕ್ಕೆ ದಾರಿಯದ್ದು ಅರ್ಧ ಗಂಟೆ, ಏರಿನದ್ದು ಅರ್ಧ ಗಂಟೆ, ಒಟ್ಟು ಒಂದು ಗಂಟೆ. ಇದು ಗಟ್ಟಿ ಕಾಲಿನ ಹುಡುಗರ ಲೆಕ್ಕ. ಮನೆಮಂದಿ ಜೊತೆಗಿದ್ದರೆ ಅದನ್ನು ಒಂದೂವರೆಯಿಂದ ಗುಣಿಸಿ. ಮಗ ಚಿಟ್ಟೆ ನೋಡುತ್ತಾ ನಿಲ್ಲುತ್ತಾನೆ, ಅಪ್ಪ ಉಸಿರು ತಗೊಳ್ಳಲು ನಿಲ್ಲುತ್ತಾರೆ, ನೀವು ಫೋಟೋ ತೆಗೆಯಲು ನಿಲ್ಲುತ್ತೀರಿ, ಅದೆಲ್ಲ ಆ ಗುಣಾಕಾರದೊಳಗೆ ಬಂತು. ಇಳಿಯಲು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ಪೊಸಡಿ ಗುಂಪೆ ಇನ್ನೂ ಸಣ್ಣದು. ರಸ್ತೆ ಸಾಕಷ್ಟು ಮೇಲಿನವರೆಗೆ ಹೋಗುತ್ತದೆ, ಆಮೇಲೆ ಗಿಡ್ಡ ಏರು. ಆರಾಮಾಗಿ ಹೋದರೂ ಹತ್ತಲು ಮುಕ್ಕಾಲು ಗಂಟೆ ಸಾಕು, ಇಳಿಯಲೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಎರಡೂ ಬೆಟ್ಟದಲ್ಲಿ ಕಾಲು ದುಡಿಯುವುದು ನಾಲ್ಕು ಗಂಟೆ ಚಿಲ್ಲರೆ. ಕಾರಿನಲ್ಲಿ ಕೂರುವುದು ಅದಕ್ಕಿಂತ ಜಾಸ್ತಿ! ಸುಸ್ತು ಬರುವುದು ಅಲ್ಲಿಂದಲೇ.

ಇನ್ನು ರಜೆಯ ಪ್ರಶ್ನೆ. ಓಣಂ ಬರುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ. ಆಗ ಮುಂಗಾರು ಇನ್ನೂ ಮುಗಿದಿರುವುದಿಲ್ಲ. ರಾಣಿಪುರದ ಕಾಡಿನ ದಾರಿ ಕೆಸರಾಗಿ ಜಾರುತ್ತದೆ, ಉಂಬಳಗಳ ಕಾಟ ಬೇರೆ. ಉಂಬಳ ಕಚ್ಚಿದರೆ ಏನೂ ಆಗುವುದಿಲ್ಲ ಎನ್ನುವುದು ನಿಜ, ಆದರೆ 11 ವರ್ಷದ ಮಗನಿಗೆ ಮೊದಲ ಚಾರಣದ ನೆನಪು ಅದೊಂದೇ ಆಗುವುದು ಬೇಡ. ಆದರೂ ಮಳೆಯ ಹಸಿರು ನೋಡಲೇಬೇಕೆಂದಿದ್ದರೆ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮೇಲೆ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಸವರಿ. ಕಚ್ಚಿಕೊಂಡ ಉಂಬಳಕ್ಕೆ ಬೆಂಕಿಕಡ್ಡಿ ತಾಗಿಸಬೇಡಿ. ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುತ್ತದೆ. ಉಗುರಿನಿಂದ ಬಾಯಿಯ ಬುಡಕ್ಕೆ ಜಾರಿಸಿ ಬಿಡಿಸಿ, ಸೋಪು ಹಾಕಿ ತೊಳೆದು ಒತ್ತಿ ಹಿಡಿಯಿರಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ. ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮಳೆಗಾಲದ ಯೋಚನೆ ಬಿಡಿ.

ಹಾಗಾದರೆ ಮಳೆ ನಿಂತ ಕೂಡಲೇ ಅಕ್ಟೋಬರ್, ನವೆಂಬರಿನಲ್ಲಿ ಹೋಗಬಹುದಲ್ವಾ? ನೋಟಕ್ಕೆ ಅದೇ ಒಳ್ಳೆಯ ಕಾಲ, ಒಪ್ಪುತ್ತೇನೆ. ಮಳೆ ಗಾಳಿಯನ್ನು ತೊಳೆದಿರುತ್ತದೆ, ದೂರದ ಬೆಟ್ಟಗಳು ಗೆರೆ ಎಳೆದಂತೆ ಕಾಣುತ್ತವೆ. ಆದರೆ ಹಿಂಗಾರಿನ ಗುಡುಗು ಸಿಡಿಲು ಬರುವುದು ಮಧ್ಯಾಹ್ನದ ಮೇಲೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಿಡಿಲಿನ ಎಚ್ಚರಿಕೆ ಕೊಡುವಾಗ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಅಂತ ಹೇಳುತ್ತದೆ. ನೀವು ಪೊಸಡಿ ಗುಂಪೆಯ ಮೇಲೆ ಇರುವುದೂ ಅದೇ ಹೊತ್ತಿನಲ್ಲಿ. ಅದು ಬೋಳು ಗುಡ್ಡೆ. ಸುತ್ತಲಿನ ಊರಿಗೆಲ್ಲ ಎತ್ತರದ ಜಾಗ, ಅದರ ಮೇಲೆ ಎದ್ದು ನಿಂತ ವಸ್ತು ಅಂದರೆ ನೀವೇ. ಏಪ್ರಿಲ್, ಮೇ ತಿಂಗಳ ಸಂಜೆಗೂ ಇದೇ ಮಾತು, ಸೆಕೆ ಬೇರೆ.

ಸಿಡಿಲಿನ ಲೆಕ್ಕ ಮಗನಿಗೆ ಕಲಿಸಿಡಿ, ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಮೋಡ ಹತ್ತು ಕಿಲೋಮೀಟರಿನೊಳಗೆ ಬಂದಿದೆ, ಕಾರಿನೊಳಗೆ ಹೋಗಿ ಕೂರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯದೆ ಹೊರಗೆ ಬರುವಂತಿಲ್ಲ. ಒಂಟಿ ಮರದ ಕೆಳಗೆ ನಿಲ್ಲುವುದು ಬಯಲಲ್ಲಿ ನಿಲ್ಲುವುದಕ್ಕಿಂತ ಕೆಟ್ಟದ್ದು.

ಇದೆಲ್ಲ ಕಳೆದರೆ ಉಳಿಯುವುದು ಡಿಸೆಂಬರಿನಿಂದ ಫೆಬ್ರವರಿ. ಕ್ರಿಸ್ಮಸ್ ರಜೆ ಸರಿಯಾಗಿ ಅದರೊಳಗೆ ಬೀಳುತ್ತದೆ. ದೂರದ ನೋಟ ಸ್ವಲ್ಪ ಮಸುಕಾಗಿರುತ್ತದೆ, ಪರವಾಗಿಲ್ಲ. ಒಂದೇ ತೊಂದರೆ ಎಂದರೆ ಆ ಹತ್ತು ದಿನ ರಾಣಿಪುರದಲ್ಲಿ ಜನ ಜಾಸ್ತಿ. ಕ್ರಿಸ್ಮಸ್ ದಿನ, ಭಾನುವಾರ, ವರ್ಷದ ಕೊನೆಯ ದಿನ ಇಷ್ಟು ಬಿಟ್ಟು ನಡುವಿನ ಒಂದು ಮಂಗಳವಾರವೋ ಬುಧವಾರವೋ ಹಿಡಿಯಿರಿ.

ಯಾವುದು ಮೊದಲು ಎಂಬುದಕ್ಕೆ ಕಾರಣ ಸರಳ. ರಾಣಿಪುರಕ್ಕೆ ಗೇಟಿದೆ. ಅರಣ್ಯ ಇಲಾಖೆ ಬೆಳಗ್ಗೆ ಟಿಕೆಟ್ ಕೊಡಲು ಶುರುಮಾಡುತ್ತದೆ, ಮಧ್ಯಾಹ್ನದ ಮೇಲೆ ನಿಲ್ಲಿಸುತ್ತದೆ. ಹೊತ್ತು, ದರ ಆಗಾಗ ಬದಲಾಗುತ್ತದೆ. ಆನೆ ಬಂದರೆ ಒಂದೆರಡು ದಿನ ದಾರಿಯನ್ನೇ ಮುಚ್ಚುವುದೂ ಇದೆ. ಹಿಂದಿನ ದಿನ ಫೋನ್ ಮಾಡಿ ಕೇಳಿಯೇ ಹೊರಡಿ. ಪೊಸಡಿ ಗುಂಪೆಯಲ್ಲಿ ಸೂರ್ಯಾಸ್ತ ನೋಡಬಹುದು, ರಾಣಿಪುರದಲ್ಲಿ ಅಷ್ಟು ಹೊತ್ತು ಮೇಲೆ ಇರಲು ಬಿಡುವುದಿಲ್ಲ, ಬಿಡಲೂಬಾರದು. ತಿರುಗಿಸಿ ಮಾಡಿದರೆ, ಅಂದರೆ ಪೊಸಡಿಯಲ್ಲಿ ಸೂರ್ಯೋದಯ ನೋಡಿ ಹೊರಟರೆ, ರಾಣಿಪುರದ ಬುಡಕ್ಕೆ ಮುಟ್ಟುವಾಗ ಹನ್ನೊಂದಾಗಿರುತ್ತದೆ. ಮೇಲಿನ ಅರ್ಧ ದಾರಿಯಲ್ಲಿ ನೆರಳಿಲ್ಲ. ಮಟಮಟ ಮಧ್ಯಾಹ್ನ ಬಿಪಿ ಇರುವವರನ್ನು ಅಲ್ಲಿ ನಡೆಸಬೇಡಿ.

ನಿಮಗೊಂದು ಅನುಕೂಲ ಇದೆ, ನೀವು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ನಿಮ್ಮ ಮನೆ ಎರಡು ಬೆಟ್ಟಗಳ ನಡುವೆ ಇದೆ. ರಾಣಿಪುರದಿಂದ ಪೊಸಡಿಗೆ ಹೋಗುವಾಗ ಬದಿಯಡ್ಕ ದಾಟಿಯೇ ಹೋಗಬೇಕು. ಕಾಸರಗೋಡು ಪೇಟೆಯವರಿಗಾಗಲಿ ಮಂಗಳೂರಿನಿಂದ ಬರುವವರಿಗಾಗಲಿ ಈ ಸೌಲಭ್ಯ ಇಲ್ಲ. ಆದ್ದರಿಂದ ದಿನವನ್ನು ಎರಡು ತುಂಡು ಮಾಡಿ, ನಡುವೆ ಮನೆಯಲ್ಲಿ ಒಂದು ಗಂಟೆ ನಿಲ್ಲಿ. ಎರಡನೆಯ ಬೆಟ್ಟಕ್ಕೆ ಯಾರ್ಯಾರು ಬರುತ್ತಾರೆ ಎಂದು ಅಲ್ಲಿ ಮತ್ತೆ ಕೇಳಿ. ಬೆಟ್ಟದ ಬುಡದಲ್ಲಿ ಕೇಳಿದರೆ ಯಾರೂ ‘ಬರುವುದಿಲ್ಲ’ ಅನ್ನುವುದಿಲ್ಲ, ಅಪ್ಪಂದಿರಂತೂ ಅನ್ನುವುದೇ ಇಲ್ಲ. ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಾಗ ಬರುವ ಉತ್ತರವೇ ನಿಜವಾದದ್ದು.

ಈಗ ಗಂಟೆಗಳು. ಬೆಳಗ್ಗೆ ಐದೂಕಾಲಕ್ಕೆ ಮನೆ ಬಿಡಿ. ಮುಳ್ಳೇರಿಯ, ಬಂದಡ್ಕ, ಕೋಳಿಚ್ಚಾಲ್ ಹೀಗೆ ಮಲೆನಾಡ ಹೆದ್ದಾರಿಯಲ್ಲೇ ಹೋಗಬಹುದು. ನಂದಾರಪದವಿನಿಂದ ಶುರುವಾಗಿ ತಿರುವನಂತಪುರ ಜಿಲ್ಲೆಯ ಪಾರಶಾಲೆವರೆಗೆ ಹೋಗುವ ದಾರಿ ಅದು. ಕಾಸರಗೋಡಿಗೆ ಇಳಿದು ಕಾಞಂಗಾಡಿಗೆ ಹೋಗಿ ಪಾಣತ್ತೂರು ರಸ್ತೆ ಹಿಡಿಯುವ ಸುತ್ತು ನಿಮಗೆ ಬೇಡ. ಎಂಟು ಗಂಟೆಗೆ ಗೇಟಿನ ಹತ್ತಿರ ಇರಬೇಕು. ಎಂಟೂಕಾಲಕ್ಕೆ ಹತ್ತಲು ಶುರು, ಒಂಬತ್ತೂಮುಕ್ಕಾಲಕ್ಕೆ ಮೇಲೆ, ಅರ್ಧ ಗಂಟೆ ಕೂತು ಇಳಿದರೆ ಹನ್ನೊಂದೂವರೆಗೆ ಕಾರು. ಹನ್ನೆರಡಾದರೂ ನೀವು ಇನ್ನೂ ಬೆಟ್ಟದಲ್ಲೇ ಇದ್ದರೆ ಪೊಸಡಿಯನ್ನು ಆ ದಿನಕ್ಕೆ ಬಿಟ್ಟುಬಿಡಿ. ಈ ಹನ್ನೆರಡರ ಗೆರೆಯನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿಡಿ. ಆಮೇಲೆ ಚೌಕಾಸಿ ಶುರುವಾಗುತ್ತದೆ.

ರಾಣಿಪುರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಿಂದೆ ಇದಕ್ಕೆ ಮಾಡತ್ತುಮಲ ಅಂತಿದ್ದರು. 1970ರ ಸುಮಾರಿಗೆ ಇಲ್ಲಿಗೆ ಬಂದು ನೆಲೆಸಿದ ಕ್ರೈಸ್ತ ಕೃಷಿಕರಿಂದ ಮೇರಿ ಮಾತೆಯ ನೆನಪಿನ ಈಗಿನ ಹೆಸರು ಬಂತು. ಜಾಹೀರಾತುಗಳಲ್ಲಿ ‘ಕೇರಳದ ಊಟಿ’ ಅಂತ ಬರೆಯುತ್ತಾರೆ. ಊಟಿ ಇರುವುದು 2240 ಮೀಟರ್ ಎತ್ತರದಲ್ಲಿ, ಇದರ ಎರಡು ಪಟ್ಟಿಗಿಂತ ಜಾಸ್ತಿ. ಸುಮ್ನೆ ಯಾಕೆ ಹೋಲಿಸಬೇಕು? ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಂಪು, ಅಷ್ಟೇ. ಬೆಳಗ್ಗೆ ಒಂದು ತೆಳು ಸ್ವೆಟರ್ ಸಾಕು. ಎತ್ತರದಿಂದ ತಲೆಸುತ್ತು, ಉಸಿರಿನ ತೊಂದರೆ ಬರುವುದು ಸಾಮಾನ್ಯವಾಗಿ 2500 ಮೀಟರಿನ ಮೇಲೆ, ಆ ಹೆದರಿಕೆ ಇಲ್ಲಿ ಬೇಡವೇ ಬೇಡ. ಇಲ್ಲಿ ಯಾರಿಗಾದರೂ ತಲೆ ತಿರುಗಿದರೆ ಅದು ಬಿಸಿಲು, ನೀರು ಕುಡಿಯದ್ದು, ಅಥವಾ ತಿಂಡಿ ಬಿಟ್ಟದ್ದು.

ದಾರಿಯ ಮೊದಲ ಭಾಗ ಕಾಡಿನೊಳಗೆ. ಬೇರುಗಳೇ ಮೆಟ್ಟಿಲಾಗಿರುವ ಜಾಗಗಳಿವೆ. ನಂತರ ಒಮ್ಮೆಲೇ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಶೋಲ ಮಾದರಿಯ ಕಾಡು ಇದು. ಗಾಳಿಗೆ ಒಡ್ಡಿದ, ಮಣ್ಣು ತೆಳುವಾಗಿರುವ ಬೆನ್ನಿನ ಮೇಲೆ ಹುಲ್ಲು, ನೀರು ನಿಲ್ಲುವ ಮಡಿಕೆಗಳಲ್ಲಿ ಮರ. ತುದಿಯಿಂದ ಪೂರ್ವಕ್ಕೆ ನೋಡಿದರೆ ಕಾಣುವ ಕಾಡು ಕರ್ನಾಟಕದ್ದು, ತಲಕಾವೇರಿ ವನ್ಯಜೀವಿಧಾಮದ ಕಡೆಯದ್ದು. ‘ಆಚೆ ಇಳಿದರೆ ತಲಕಾವೇರಿಗೇ ಹೋಗಬಹುದಂತೆ’ ಅಂತ ಯಾರಾದರೂ ಹುರಿದುಂಬಿಸುತ್ತಾರೆ. ಹೋಗಬೇಡಿ. ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಅದು ಆನೆಗಳ ಓಡಾಟದ ಜಾಗ.

ಆನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ, ಈಚೆಗೂ ಬರುತ್ತವೆ. ದಾರಿಯಲ್ಲಿ ಹಸಿ ಲದ್ದಿ ಕಂಡರೆ, ಹೊಸದಾಗಿ ಮುರಿದ ಬಿದಿರು, ಈಚಲು ಕಂಡರೆ ಮಾತು ನಿಲ್ಲಿಸಿ, ಕಿವಿ ಕೊಡಿ. ಒಂದು ಕೊಂಬೆ ಮುರಿದ ಸದ್ದಾದರೂ ಸಾಕು, ಬಂದ ದಾರಿಯಲ್ಲೇ ಹಿಂದೆ ಬನ್ನಿ, ಓಡದೆ. ಅರಣ್ಯ ಇಲಾಖೆಯ ವಾಚರ್ ‘ಇವತ್ತು ಬೇಡ’ ಅಂದರೆ ಅದೇ ಕೊನೆಯ ಮಾತು. ಎರಡೂವರೆ ಗಂಟೆ ಕಾರಿನಲ್ಲಿ ಬಂದಿದ್ದೇವೆ ಅಂತ ಅವರ ಹತ್ತಿರ ವಾದ ಮಾಡುವವರನ್ನು ನೋಡಿದ್ದೇನೆ. ಆನೆಗೆ ಅದರಿಂದ ಏನು?

ಇನ್ನು ಅಪ್ಪನ ಮೊಣಕಾಲು. ಹತ್ತುವಾಗ ದಣಿಯುವುದು ಎದೆ, ಇಳಿಯುವಾಗ ನೋಯುವುದು ಮೊಣಕಾಲು. ಹತ್ತುವಾಗ ಚೆನ್ನಾಗಿದ್ದರು ಎಂದು ಮೋಸ ಹೋಗಬೇಡಿ. ಇಳಿಯುವಾಗ ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯಬೇಕು. ಸ್ನಾಯು ದಣಿದರೆ ಭಾರ ಕೀಲಿಗೆ ಬೀಳುತ್ತದೆ. ಎರಡು ಬಿದಿರುಕೋಲು ಕೊಡಿ, ಒಂದಲ್ಲ, ಎರಡು. ಇಳಿಯುವಾಗ ಕೋಲು ಮೊದಲು ಕೆಳಗೆ ಊರಬೇಕು, ಆಮೇಲೆ ಕಾಲು. ಹೆಜ್ಜೆ ಸಣ್ಣದಿರಲಿ. ಒಣಹುಲ್ಲು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಹಾಗಾಗಿ ತೋಟಕ್ಕೆ ಹಾಕುವ ರಬ್ಬರ್ ಚಪ್ಪಲಿ ಬೇಡ. ಅಡಿಯಲ್ಲಿ ಹಲ್ಲಿರುವ ಶೂ ಬೇಕು. ದುಬಾರಿಯದ್ದೇ ಆಗಬೇಕೆಂದಿಲ್ಲ, ಹೊಸದು ಮಾತ್ರ ಆಗಬಾರದು, ಎರಡು ವಾರ ಹಾಕಿ ಹಳಗಿಸಿರಬೇಕು.

ಅವರಿಂದ ಆಗುತ್ತದಾ ಎಂದು ನೋಡಲು ಬೇರೆ ಪರೀಕ್ಷೆ ಬೇಡ. ನಮ್ಮ ಕಡೆಯ ಮನೆಗಳೇ ಹಾಗೆ, ಕೆಳಗೆ ತೋಟ, ಮೇಲೆ ಗುಡ್ಡೆ. ತೋಟದಿಂದ ಗುಡ್ಡೆಯ ತಲೆವರೆಗೆ ಮುಕ್ಕಾಲು ಗಂಟೆ ನಿಲ್ಲದೆ ಹತ್ತಿ ಇಳಿಯಲಿ. ಹತ್ತುತ್ತಾ ನಿಮ್ಮ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಮರುದಿನ ಬೆಳಗ್ಗೆ ಮೊಣಕಾಲು ಊದಿರಬಾರದು. ಇಷ್ಟಾದರೆ ರಾಣಿಪುರ ಅವರಿಗೆ ಕಷ್ಟವಲ್ಲ. ಹತ್ತುವಾಗ ಎದೆ ಬಿಗಿದ ಹಾಗೆ ಆಗುತ್ತದೆ ಅಂದರೆ ಬೆಟ್ಟದ ಮಾತು ಆಮೇಲೆ, ಮೊದಲು ಡಾಕ್ಟರು. ಬಿಪಿ ಮಾತ್ರೆಯನ್ನು ‘ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆ’ ಎಂದು ಆ ದಿನ ಬಿಡುವವರಿದ್ದಾರೆ. ಅದನ್ನು ಅವರೇ ತೀರ್ಮಾನಿಸುವುದು ಬೇಡ, ಮಾತ್ರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಇಳಿದ ಮೇಲೆ ರಸ್ತೆ. ರಾಣಿಪುರದಿಂದ ಕೆಳಗೆ ಬರುವಾಗ ಕಾರನ್ನು ಮೊದಲ ಅಥವಾ ಎರಡನೆಯ ಗೇರಿನಲ್ಲೇ ಇಳಿಸಿ. ಬ್ರೇಕ್ ಒತ್ತಿಕೊಂಡೇ ಬಂದರೆ ಕಾದು ಹಿಡಿತ ಬಿಡುತ್ತದೆ. ಸುಳ್ಯ ಕಡೆಯಿಂದ ಕಲ್ಲಪಳ್ಳಿ ಮೇಲೆ ಪಾಣತ್ತೂರಿಗೆ ಬರುವ ಓದುಗರಿಗೂ ಇದನ್ನು ಒತ್ತಿ ಹೇಳಬೇಕು. 2021ರ ಜನವರಿಯಲ್ಲಿ ಮದುವೆ ದಿಬ್ಬಣದ ಬಸ್ಸು ಪಾಣತ್ತೂರಿನ ಹತ್ತಿರದ ಇಳಿಜಾರಿನಲ್ಲಿ ಉರುಳಿ ಏಳು ಜನ ತೀರಿಕೊಂಡರು. ಬೆಟ್ಟದಲ್ಲಿ ಜಾರಿ ಬೀಳುವುದಕ್ಕೆ ಹೆದರುವವರು ಬೆಟ್ಟದ ರಸ್ತೆಗೂ ಅಷ್ಟೇ ಹೆದರಬೇಕು. ಬೆಳಗ್ಗೆ ನಾಲ್ಕಕ್ಕೆ ಎದ್ದು, ಮೂರು ಗಂಟೆ ನಡೆದು, ಕುಚ್ಚಲಕ್ಕಿ ಊಟ ಹೊಡೆದು ಸ್ಟಿಯರಿಂಗ್ ಹಿಡಿದರೆ ನಿದ್ದೆ ಬರದೆ ಇರುವುದಿಲ್ಲ. ನಿಮ್ಮ ಹೆಂಡತಿಗೆ ಡ್ರೈವಿಂಗ್ ಬರುವುದಾದರೆ ವಾಪಸು ಅವರು ಓಡಿಸಲಿ, ಬೆಳಗ್ಗೆ ನೀವು ಓಡಿಸಿರುತ್ತೀರಿ. ಇಲ್ಲದಿದ್ದರೆ ಆ ದಿನಕ್ಕೆ ಒಬ್ಬ ಡ್ರೈವರ್ ಹೇಳಿ, ನಾಲ್ಕು ಜನರ ದಿನಕ್ಕೆ ಅದು ದುಂದುವೆಚ್ಚ ಅಲ್ಲ. ಬಂದಡ್ಕದಲ್ಲೋ ಮುಳ್ಳೇರಿಯದಲ್ಲೋ ಅರ್ಧ ಹೊಟ್ಟೆ ಊಟ ಮಾಡಿ. ಮಗನಿಗೆ ತಿರುವಿನಲ್ಲಿ ವಾಂತಿಯಾಗುವುದಾದರೆ ಮುಂದಿನ ಸೀಟು, ಕಿಟಕಿ ತೆರೆದು, ಮೊಬೈಲ್ ಕೈಗೆ ಕೊಡದೆ.

ಎರಡೂವರೆಯ ಹೊತ್ತಿಗೆ ಮನೆ. ಸ್ನಾನ, ಒಂದು ಲೋಟ ಪುನರ್ಪುಳಿ ಶರಬತ್ತು, ಅರ್ಧ ಗಂಟೆ ಅಡ್ಡಬೀಳುವುದು. ಮೂರೂವರೆಗೆ ಹೊರಟರೆ ಸೀತಾಂಗೋಳಿ ಮೇಲೆ ಪೊಸಡಿ ಗುಂಪೆಯ ಹತ್ತಿರದ ಧರ್ಮತ್ತಡ್ಕಕ್ಕೆ ಆರಾಮಾಗಿ ಮುಟ್ಟುತ್ತೀರಿ. ‘ಹತ್ತಿದೆ ಅಂತ ಹೇಳಬೇಕಾದರೆ ಪೂರ್ತಿ ಹತ್ತಬೇಕು’ ಅನ್ನುವ ಹಟದವರು ಕಾರನ್ನು ಕೆಳಗೇ ಬಿಟ್ಟು ರಸ್ತೆಯಲ್ಲೇ ನಡೆಯಬಹುದು. ನಿಮ್ಮ ಅಪ್ಪ ಇದ್ದರೆ ಮೇಲಿನವರೆಗೆ ಕಾರು.

ಬೆಳಗ್ಗೆ ನೋಡಿದ ಬೆಟ್ಟಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಇಲ್ಲಿ ಕಾಡಿಲ್ಲ, ಬೇರಿಲ್ಲ, ನೆರಳಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಅದರ ಮೇಲೆ ಮುಳಿಹುಲ್ಲು, ಕಾಲಡಿಗೆ ಉರುಳುವ ಸಣ್ಣ ಕೆಂಪು ಕಲ್ಲು. ನನಗೆ ಕೇಳಿದರೆ ಇದೇ ನಮ್ಮ ನಿಜವಾದ ಗುಡ್ಡೆ. ಮಳೆಗಾಲದ ನೀರನ್ನು ತೂತು ತೂತಾದ ಈ ಕಲ್ಲೇ ಹೀರಿಕೊಂಡು ಬೇಸಗೆಗೆ ಬಿಡುವುದು. ಬಾಯಾರು ಕಡೆಯ ಹಿರಿಯರು ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡ ಸುರಂಗ ಕೊರೆದು ತೋಟಕ್ಕೆ ನೀರು ಇಳಿಸಿದ್ದು ಇಂಥ ಗುಡ್ಡೆಗಳಿಂದಲೇ. ಮಗನಿಗೆ ಪರಿಚಯದವರ ಮನೆಯಲ್ಲಿ ಒಂದು ಸುರಂಗ ತೋರಿಸಿ, ಬೇರೆ ದಿನ.

ಸಂಜೆ ನಾಲ್ಕೂವರೆಗೂ ಅಲ್ಲಿ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಪಶ್ಚಿಮಕ್ಕೆ ಮುಖ ಮಾಡಿ ಹತ್ತುತ್ತೀರಲ್ಲ. ಮನೆಯಲ್ಲಿ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇದ್ದರೆ ತಲೆಗೆ ಹಾಕಿಕೊಳ್ಳಿ, ಪೇಟೆಯ ಕ್ಯಾಪಿಗಿಂತ ತಂಪು. ಮೇಲಿನಿಂದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ವಾಯುವ್ಯಕ್ಕೆ ಮಂಗಳೂರಿನ ಕಡೆ. ಹವೆ ತಿಳಿಯಾಗಿದ್ದರೆ ಉತ್ತರದಲ್ಲಿ ಕುದುರೆಮುಖದ ಸಾಲು. ಸಾವಿರ ಅಡಿ ಎತ್ತರದಿಂದ ಕಡಲಿನ ಅಂಚು ಕಾಣುವುದು 60 ಕಿಲೋಮೀಟರಿಗಿಂತಲೂ ಆಚೆ. ದಡದಲ್ಲಿ ನಿಂತವನಿಗೆ ಐದು ಕಿಲೋಮೀಟರ್ ಕಾಣುವುದೂ ಕಷ್ಟ. ಬೈನಾಕ್ಯುಲರ್ ಇದ್ದರೆ ತನ್ನಿ, ಮೀನಿನ ಬೋಟುಗಳನ್ನು ಎಣಿಸುತ್ತಾ ಮಗನಿಗೆ ಹೊತ್ತು ಹೋಗುತ್ತದೆ.

ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು 6 ಗಂಟೆ 10 ನಿಮಿಷದ ಹೊತ್ತಿಗೆ. ಅದಾಗಿ ಇಪ್ಪತ್ತು ನಿಮಿಷ ದಾರಿ ಕಾಣುವಷ್ಟು ಬೆಳಕು ಇರುತ್ತದೆ, ನಂತರ ದಡಕ್ಕನೆ ಕತ್ತಲೆ. ಸೂರ್ಯ ಮುಳುಗಿದ ಕೂಡಲೇ ಇಳಿಯಲು ಶುರುಮಾಡಿ. ಪ್ರತಿಯೊಬ್ಬರಿಗೂ ಒಂದು ಟಾರ್ಚ್ ಇರಲಿ. ಮೊಬೈಲ್ ಬೆಳಕನ್ನು ನಂಬಬೇಡಿ, ಅಷ್ಟು ಹೊತ್ತಿಗೆ ಬ್ಯಾಟರಿ ಫೋಟೋಗೆ ಹೋಗಿರುತ್ತದೆ. ಅಡ್ಡದಾರಿ ಹಿಡಿಯಲೇಬೇಡಿ. ನಮ್ಮ ಮುರಕಲ್ಲಿನ ಗುಡ್ಡೆಗಳ ಆಸುಪಾಸಿನಲ್ಲಿ ಕಲ್ಲು ಕಡಿದ ಹೊಂಡಗಳಿರುತ್ತವೆ. ನೆಟ್ಟಗೆ ಕಡಿದ ಗೋಡೆ, ಬೇಲಿ ಇಲ್ಲ, ಕತ್ತಲಲ್ಲಿ ಹುಲ್ಲಿಗೂ ಹೊಂಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬೀಡಿ, ಬೆಂಕಿ ಯಾವುದೂ ಬೇಡ. ಆ ತಿಂಗಳಲ್ಲಿ ಮುಳಿಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿಗೆ ಇಡೀ ಗುಡ್ಡೆ ಹೋಗುತ್ತದೆ.

ಹಾವಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮುರಕಲ್ಲಿನ ಸಂದುಗಳಲ್ಲಿ ಉರಿಮಂಡಲ ಇರಬಹುದು, ಕತ್ತಲಾಗುವ ಹೊತ್ತಿಗೆ ಹೊರಗೆ ಬರುತ್ತದೆ. ಕೂರುವ ಮೊದಲು ಕಲ್ಲನ್ನು ಕೋಲಿನಿಂದ ತಟ್ಟಿ. ರಾಣಿಪುರದಂಥ ಕಾಡಿನಲ್ಲಿ ಎಲೆಗಳ ಬಣ್ಣದಲ್ಲೇ ಸುಮ್ಮನೆ ಮಲಗುವ ಗುಳಿಮಂಡಲಗಳಿರುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಗುಳಿಮಂಡಲಕ್ಕಲ್ಲ. ಹಾಗಂತ ಮನೆಮದ್ದಿಗೆ ಹೋಗಬೇಡಿ. ಕಚ್ಚಿದ ಕಾಲನ್ನು ಅಲುಗಾಡಿಸದೆ ಹಲಗೆ ಕಟ್ಟಿ, ಎತ್ತಿಕೊಂಡು ಇಳಿಸಿ, 108ಕ್ಕೆ ಕರೆ ಮಾಡಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಕೇಳಿಕೊಂಡೇ ಹೊರಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಇವೆಲ್ಲ ಕೇಡೇ. ಉದ್ದ ಪ್ಯಾಂಟು, ಮುಚ್ಚಿದ ಶೂ ಹಾಕಿದವರಿಗೆ ಈ ಪ್ರಸಂಗ ಬರುವುದು ತೀರಾ ಕಡಿಮೆ.

ನೀರು ಒಬ್ಬರಿಗೆ ನಡಿಗೆಯ ಗಂಟೆಗೆ ಅರ್ಧ ಲೀಟರಿನಂತೆ. ಬೆಳಗ್ಗೆ ತಲಾ ಒಂದೂವರೆ ಲೀಟರ್, ಸಂಜೆಗೆ ಒಂದು ಲೀಟರ್ ಸಾಕು. ಒಂದು ಬಾಟಲಿಯಲ್ಲಿ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿಡಿ. ಚಹಾ ಚಮಚ, ಮಟ್ಟಸವಾಗಿ. ಅಪ್ಪನಿಗೆ ಬಿಪಿ ಇರುವುದರಿಂದ ಅದು ಅವರಿಗಲ್ಲ, ತೀರಾ ಬೆವರಿ ಸುಸ್ತಾದವರಿಗೆ. ತಿನ್ನಲು ನೇಂದ್ರ ಬಾಳೆಹಣ್ಣು, ಬೆಲ್ಲ ಹಾಕಿದ ಅವಲಕ್ಕಿ, ನೆಲಕಡಲೆ. ಚಿಪ್ಸ್ ಪ್ಯಾಕೆಟ್ ತರಬೇಡಿ, ರಾಣಿಪುರದಲ್ಲಿ ಪ್ಲಾಸ್ಟಿಕ್ ನೋಡುತ್ತಾರೆ. ನೋಡದಿದ್ದರೂ ತರಬೇಡಿ.

ಅನಂತಪುರ, ಬೇಕಲ ಯಾಕೆ ಬೇಡ ಅಂದೆ ಎಂದರೆ, ಅನಂತಪುರ ನಿಮ್ಮ ಮನೆಯಿಂದ ಯಾವ ಭಾನುವಾರ ಬೇಕಾದರೂ ಹೋಗಿಬರುವಷ್ಟು ಹತ್ತಿರ. ಬೇಕಲ ಇರುವುದು ಕಡಲ ದಡದಲ್ಲಿ, ನಿಮ್ಮ ದಾರಿಗೆ ಪೂರಾ ಅಡ್ಡ. ಎರಡಕ್ಕೂ ಬೇಕಾದ ಹೊತ್ತು ಸಿಗುವುದು ಮನೆಯಲ್ಲಿ ನಿಲ್ಲುವ ಆ ಒಂದು ಗಂಟೆಯಿಂದ ಮತ್ತು ನಿಧಾನವಾಗಿ ಓಡಿಸುವ ಕಾರಿನಿಂದ. ಅವೆರಡನ್ನು ಕಳೆದುಕೊಂಡರೆ ಸಂಜೆಗೆ ಪೊಸಡಿಯೂ ಇಲ್ಲ.

ಇದೇ ಪ್ರಶ್ನೆಯನ್ನು ಬಸ್ಸಿನಲ್ಲಿ ಹೋಗುವವರು ಕೇಳಿದ್ದರೆ ಉತ್ತರ ‘ಆಗುವುದಿಲ್ಲ’ ಎಂದೇ ಇರುತ್ತಿತ್ತು. ಕಾಞಂಗಾಡಿನಿಂದ ಪಾಣತ್ತೂರು ಬಸ್ಸು ಹಿಡಿದು ಪನತ್ತಡಿಯಲ್ಲಿ ಇಳಿದು ಜೀಪು ಮಾಡಿಕೊಂಡರೆ ರಾಣಿಪುರವೇ ಒಂದು ದಿನ. ಬಂದ್ಯೋಡಿನಿಂದ ಧರ್ಮತ್ತಡ್ಕದ ಬಸ್ಸಿನಲ್ಲಿ ಹೋಗಿ ನಡೆದರೆ ಪೊಸಡಿ ಇನ್ನೊಂದು ದಿನ. ಅಂಥವರು ಪೊಸಡಿಯಲ್ಲಿ ಸೂರ್ಯಾಸ್ತದ ಆಸೆ ಇಟ್ಟುಕೊಳ್ಳುವ ಮೊದಲು ವಾಪಸಿನ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.